ಎಕರೆಗೂ ಗುಂಟೆಗೂ ನಡುವಿನ ಚುಕ್ಕೆ

2.20 ಎಂದು ಬರೆದಿರುವ ಹೊಲ ಎಷ್ಟು ದೊಡ್ಡದು? ಎನ್. ಬೇಗೂರಿನ ರೈತರನ್ನು ಕೇಳಿದರೆ ಎರಡೂವರೆ ಎಕರೆ ಅನ್ನುತ್ತಾರೆ. ಅದೇ ಹೊಲವನ್ನು ಶುಂಠಿಗೆಂದು ಗುತ್ತಿಗೆಗೆ ಹಿಡಿಯಲು ಗಡಿಯಾಚೆಯ ವಯನಾಡಿನಿಂದ ಬಂದವರು ಅದನ್ನು ಎರಡು ಎಕರೆ ಇಪ್ಪತ್ತು ಸೆಂಟ್ ಎಂದು ಓದಿಕೊಳ್ಳಬಹುದು; ನಮ್ಮ ಲೆಕ್ಕದಲ್ಲಿ ಅದು ಎರಡು ಎಕರೆ ಎಂಟು ಗುಂಟೆ. ಹೆಕ್ಟೇರಿನಲ್ಲೇ ವ್ಯವಹರಿಸುವ ಇಲಾಖೆಯ ಮೇಜಿಗೆ ಬಂದರೆ ಅದೇ 2.20 ಐದು ಎಕರೆ ಹದಿನೇಳು ಗುಂಟೆಗೂ ಮೀರುತ್ತದೆ. ಬರೆದದ್ದು ಒಂದೇ ಅಂಕಿ, ಓದಿಕೊಂಡ ನೆಲ ಮೂರು.

ಎನ್. ಬೇಗೂರಿನ ಹೆಸರನ್ನು ಸುಮ್ಮನೆ ತೆಗೆದುಕೊಂಡಿಲ್ಲ. ಎಚ್.ಡಿ. ಕೋಟೆಯಿಂದ ಒಡೆದು ಬಂದ ಸರಗೂರು ಸೀಮೆಯ ಈ ಊರಿನ ಹೆಸರು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೂ ಇದೆ. ಕಂದಾಯ ಇಲಾಖೆಯ ಎಕರೆ-ಗುಂಟೆ, ಅರಣ್ಯ ಇಲಾಖೆಯ ಹೆಕ್ಟೇರು, ಕೇರಳದವರ ಸೆಂಟು ಮೂರೂ ಒಂದೇ ಹೊಲದ ಬದುವಿನ ಮೇಲೆ ಎದುರುಬದುರಾಗುವ ಜಾಗ ಇದು. ಸಂಖ್ಯೆಯನ್ನು ಬರೆಯುವ ಪದ್ಧತಿ ಊರಿಂದೂರಿಗೆ ಬೇರೆಯಾದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಬೇರೆ ಕಡೆ ಉತ್ತರ ಹುಡುಕಬೇಕಾಗಿಲ್ಲ. ಜರ್ಮನಿಯಲ್ಲಿರುವ ಕನ್ನಡಿಗರು 1.500 ಎಂಬುದನ್ನು ಒಂದೂವರೆ ಸಾವಿರ ಎಂದು ಓದಲು ಬೇಗ ಕಲಿಯುತ್ತಾರೆ, ಏಕೆಂದರೆ ಅಲ್ಲಿನ ಚುಕ್ಕೆಗೂ ಅಲ್ಪವಿರಾಮಕ್ಕೂ ಗೊತ್ತಾದ ನಿಯಮವಿದೆ, ಆ ದೇಶದಲ್ಲಿ ಎಲ್ಲರೂ ಅದನ್ನೇ ಪಾಲಿಸುತ್ತಾರೆ. ನಮ್ಮ ಪಹಣಿಯ ಚುಕ್ಕೆಗೆ ಅಂಥ ಒಪ್ಪಂದ ಇಲ್ಲ.

ಗುಂಟೆಯ ಲೆಕ್ಕ ಹುಟ್ಟಿದ್ದು ಸರಪಳಿಯಿಂದ. 33 ಅಡಿ ಉದ್ದದ ಸರಪಳಿಯನ್ನು ಉದ್ದಕ್ಕೊಮ್ಮೆ ಅಗಲಕ್ಕೊಮ್ಮೆ ಎಳೆದರೆ ಬರುವ ಚೌಕ, 1,089 ಚದರ ಅಡಿ, ಒಂದು ಗುಂಟೆ. ಅಂಥ ನಲವತ್ತು ಸೇರಿದರೆ 43,560 ಚದರ ಅಡಿ, ಒಂದು ಎಕರೆ. ಗುಂಟೆಯನ್ನು ಮತ್ತೆ ಹದಿನಾರು ಆಣೆ ಮಾಡುತ್ತಾರೆ. ಬೊಂಬಾಯಿ ಪ್ರಾಂತ್ಯದ ಸರ್ವೆ ಪದ್ಧತಿ ಮೈಸೂರಿಗೆ ಬಂದದ್ದು 1860ರ ದಶಕದಲ್ಲಿ; ಅದರ ಜೊತೆ ಈ ಲೆಕ್ಕವೂ ಊರೂರಿಗೆ ನೆಲೆಯಾಯಿತು. ನಲವತ್ತು ಎಂಬ ಸಂಖ್ಯೆಯ ಗುಣವನ್ನು ನಮ್ಮ ಮನೆಗಳಲ್ಲಿ ಪಾಲು ಮಾಡಿಕೊಟ್ಟ ಹಿರಿಯರು ಚೆನ್ನಾಗಿ ಬಲ್ಲರು. ಅರೆ ಎಕರೆ ಇಪ್ಪತ್ತು, ಕಾಲು ಎಕರೆ ಹತ್ತು, ಮುಕ್ಕಾಲು ಎಕರೆ ಮೂವತ್ತು. ಐದು ಜನ ಅಣ್ಣತಮ್ಮಂದಿರಿದ್ದರೆ ಎಂಟೆಂಟು, ಎಂಟು ಜನರಿದ್ದರೆ ಐದೈದು. ಕಾಗದ, ಪೆನ್ಸಿಲ್ ಇಲ್ಲದೆ, ಬದುವಿನ ಮೇಲೆ ಕೂತೇ ಮಾಡಬಹುದಾದ ಲೆಕ್ಕ.

ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಸೀಮೆಗಳಲ್ಲಿ ಇದೇ ಎಕರೆಯನ್ನು ನೂರು ಭಾಗ ಮಾಡಿ ಒಂದೊಂದಕ್ಕೂ ಸೆಂಟ್ ಎಂದರು. ದಕ್ಷಿಣ ಕನ್ನಡದಲ್ಲಿ ಇಂದಿಗೂ ಜಾಗದ ಮಾತು ಸೆಂಟ್ಸ್‌ನಲ್ಲೇ ನಡೆಯುತ್ತದೆ. 1956ರ ನವೆಂಬರ್ 1ರಂದು ಅದು ನಮ್ಮ ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಹೋದವು. ಸೆಂಟ್ ಮಾತ್ರ ಎರಡೂ ಕಡೆ ಉಳಿಯಿತು. ಒಂದು ಗುಂಟೆಗೆ ಎರಡೂವರೆ ಸೆಂಟ್. ಸೆಂಟ್ ನೂರರಲ್ಲೊಂದು ಭಾಗವಾದ್ದರಿಂದ ಅಲ್ಲಿ 2.20 ಎಂದು ಬರೆದರೆ ಅದು ನಿಜವಾದ ದಶಮಾಂಶ: ಕೂಡಬಹುದು, ಕಳೆಯಬಹುದು, ದರದಿಂದ ಗುಣಿಸಬಹುದು. ಗುಂಟೆಗೆ ಆ ಸವಲತ್ತಿಲ್ಲ. ಗುಂಟೆಯ ಮುಂದಿನ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ, ಎರಡು ಅಳತೆಗಳ ನಡುವೆ ನಿಂತಿರುವ ಗೋಡೆ ಅದು. ಗಂಟೆ ಮತ್ತು ನಿಮಿಷದ ನಡುವೆ ಇರುವಂಥದು. ಎರಡೂವರೆ ಗಂಟೆಯನ್ನು 2.30 ಎಂದು ಬರೆದು ಮೂರರಿಂದ ಗುಣಿಸಿ 6.90 ಎಂದು ಯಾರೂ ಹೇಳುವುದಿಲ್ಲ. ಭೂಮಿಯ ವಿಷಯದಲ್ಲಿ ಅದನ್ನೇ ಕಂಪ್ಯೂಟರಿನ ಮುಂದೆ ಕೂತು ದಿನವೂ ಮಾಡುತ್ತೇವೆ.

ಅದು ಹೇಗೆಂದು ಒಂದು ಪಟ್ಟಿಯನ್ನೇ ಹತ್ತಿರದಿಂದ ನೋಡೋಣ. ಪಹಣಿಯಲ್ಲಿ ವಿಸ್ತೀರ್ಣ 2.20.00 ಎಂಬಂತೆ ಒಂದಕ್ಕಿಂತ ಹೆಚ್ಚು ಚುಕ್ಕೆಗಳೊಡನೆ ಅಚ್ಚಾಗುತ್ತದೆ. ಇದೊಂದು ಒಳ್ಳೆಯ ಕಾವಲು, ಏಕೆಂದರೆ ಎರಡು ಚುಕ್ಕೆ ಇರುವ ದಶಮಾಂಶ ಸಂಖ್ಯೆ ಎಲ್ಲೂ ಇಲ್ಲ. ನೋಡಿದವರಿಗೆ ಇದು ಬೇರೆ ಜಾತಿಯ ಅಂಕಿ ಎಂದು ಗೊತ್ತಾಗುತ್ತದೆ. ಆದರೆ ಸಾಲಕ್ಕೋ ಪರಿಹಾರಕ್ಕೋ ಹೆಸರುಗಳ ಪಟ್ಟಿ ಮಾಡುವಾಗ ಕೊನೆಯ ಸೊನ್ನೆಗಳು ಯಾಕೆಂದು ಬಿಟ್ಟು ಎಕ್ಸೆಲ್ ಹಾಳೆಯಲ್ಲಿ 2.20 ಎಂದು ಒತ್ತುತ್ತಾರೆ. ಎಂಟರ್ ಒತ್ತಿದ ಕ್ಷಣ ಅದು 2.2 ಆಗುತ್ತದೆ. ದಶಮಾಂಶದ ಕೊನೆಯ ಸೊನ್ನೆಗೆ ಬೆಲೆ ಇಲ್ಲ ಎಂಬುದು ಯಂತ್ರ ಕಲಿತ ಪಾಠ. ಈಗ ಆ ಹಾಳೆಯನ್ನು ಇನ್ನೊಬ್ಬರು ತೆರೆದರೆ 2.2 ಎಂಬುದು ಎರಡು ಎಕರೆ ಇಪ್ಪತ್ತು ಗುಂಟೆಯೋ, ಎರಡು ಎಕರೆ ಎರಡು ಗುಂಟೆಯೋ, ಎರಡು ಎಕರೆ ಎಂಟು ಗುಂಟೆಯೋ ತಿಳಿಯುವ ದಾರಿಯೇ ಉಳಿದಿರುವುದಿಲ್ಲ. ಚುಕ್ಕೆಯ ಸಹವಾಸ ಬೇಡವೆಂದು ಅಡ್ಡಗೆರೆ ಹಾಕಿ 3-12 ಎಂದು ಬರೆದರೆ ಇನ್ನೊಂದು ಅವಾಂತರ: ಹೊಲ ಮಾಯವಾಗಿ ಅಲ್ಲೊಂದು ತಾರೀಖು ಬಂದು ಕೂರುತ್ತದೆ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಭಾರತದ್ದಾಗಿದ್ದರೆ ಡಿಸೆಂಬರ್ 3, ಅಮೆರಿಕದ್ದೇ ಹಾಗೆಯೇ ಉಳಿದಿದ್ದರೆ ಮಾರ್ಚ್ 12.

ಕೂಡಿಸುವಾಗಿನ ತಪ್ಪು ಇನ್ನೂ ಗಂಭೀರ. 1.30 ಮತ್ತು 1.30 ಕೂಡಿದರೆ ಯಂತ್ರ 2.60 ಅನ್ನುತ್ತದೆ. ಅರವತ್ತು ಗುಂಟೆ ಇರಲು ಸಾಧ್ಯವಿಲ್ಲವಾದ್ದರಿಂದ ಗಮನವಿಟ್ಟು ನೋಡುವವರು ತಡೆದು, ಮೂರು ಎಕರೆ ಇಪ್ಪತ್ತು ಗುಂಟೆ ಎಂದು ತಿದ್ದುತ್ತಾರೆ. ಆದರೆ 1.35ರ ಮೂರು ತುಂಡುಗಳನ್ನು ಕೂಡಿ ನೋಡಿ. ಯಂತ್ರ 4.05 ಅನ್ನುತ್ತದೆ. ನಾಲ್ಕು ಎಕರೆ ಐದು ಗುಂಟೆ ಎಂದು ಓದಲು ಯಾವ ಅಡ್ಡಿಯೂ ಇಲ್ಲ, ಅನುಮಾನ ಬರುವ ಹಾಗೇ ಇಲ್ಲ. ನಿಜವಾದ ಮೊತ್ತ ಐದು ಎಕರೆ ಇಪ್ಪತ್ತೈದು ಗುಂಟೆ. ಒಂದೂವರೆ ಎಕರೆ ಆ ಒಂದು ಕೂಡುವಿಕೆಯಲ್ಲಿ ಹೋಯಿತು. ಕಾರಣ ಸರಳ: ಗುಂಟೆಗಳು ನೂರು ದಾಟಿದಾಗ ಯಂತ್ರ ನೂರಕ್ಕೆ ಒಂದು ಎಕರೆ ಕೊಟ್ಟು ಸುಮ್ಮನಾಗುತ್ತದೆ, ಕೊಡಬೇಕಾದ್ದು ನಲವತ್ತಕ್ಕೊಂದು. ಪ್ರತಿ ಸಲ ನೂರು ದಾಟುವಾಗಲೂ ಅರವತ್ತು ಗುಂಟೆ ಕರಗುತ್ತದೆ. ಒಂದು ಊರಿನ ಎಲ್ಲ ಸರ್ವೆ ನಂಬರುಗಳನ್ನು ಹೀಗೆ ಕೂಡಿದರೆ ಎಷ್ಟು ಹೊಲ ಕಾಗದದಿಂದ ಅಳಿದುಹೋಗುತ್ತದೆ ಎಂದು ಯೋಚಿಸಿದರೆ ಎದೆ ಧಸಕ್ಕೆನ್ನುತ್ತದೆ.

ಕಾಗದದಲ್ಲಿ ಅಳಿದರೆ ಏನಂತೆ, ನೆಲ ಅಲ್ಲೇ ಇರುತ್ತದಲ್ಲ ಎಂದು ಕೇಳಬಹುದು. ಇರುತ್ತದೆ. ಆದರೆ ರೈತನಿಗೆ ಇಂದು ಸಿಗುವ ಸಾಲ, ವಿಮೆ, ಸಹಾಯಧನ ಎಲ್ಲವೂ ಬರುವುದು ಕಾಗದದ ನೆಲಕ್ಕೆ. ಬೆಳೆ ಸಾಲದ ಪ್ರಮಾಣ ಎಕರೆಗಿಷ್ಟು ಎಂದಿದ್ದರೆ ಬೆಳೆ ವಿಮೆಯ ಮೊತ್ತ ಹೆಕ್ಟೇರಿಗಿಷ್ಟು ಎಂದಿರುತ್ತದೆ. 1 ಹೆಕ್ಟೇರಿಗಿಂತ ಕಡಿಮೆ ಇದ್ದವರು ಅತಿ ಸಣ್ಣ ರೈತರು, 2 ಹೆಕ್ಟೇರ್ ವರೆಗೆ ಇದ್ದವರು ಸಣ್ಣ ರೈತರು. ನಮ್ಮಲ್ಲಿ ಇದನ್ನೇ ಎರಡೂವರೆ ಎಕರೆ, ಐದು ಎಕರೆ ಎಂದು ಬಳಸುತ್ತೇವೆ. ಲೆಕ್ಕ ಕಟ್ಟುನಿಟ್ಟಾಗಿ ಹಾಕಿದರೆ 1 ಹೆಕ್ಟೇರ್ ಎಂದರೆ ಎರಡು ಎಕರೆ ಹದಿನೆಂಟು ಮುಕ್ಕಾಲು ಗುಂಟೆ ಚಿಲ್ಲರೆ. ಎರಡೂವರೆ ಎಕರೆ ಇದ್ದವರು ಒಂದು ಗುಂಟೆಯಷ್ಟರಲ್ಲಿ ಗೆರೆಯ ಆಚೆ ಬೀಳುತ್ತಾರೆ. 2019ರ ಫೆಬ್ರವರಿಯಲ್ಲಿ ಪಿಎಂ ಕಿಸಾನ್ ಶುರುವಾದಾಗ 2 ಹೆಕ್ಟೇರ್ ಮಿತಿಯೇ ಅರ್ಹತೆಯ ಗೆರೆಯಾಗಿತ್ತು. ಆ ಮಿತಿಯನ್ನು ತೆಗೆದದ್ದು ಕೆಲವು ತಿಂಗಳ ನಂತರ. ಆ ಅವಧಿಯಲ್ಲಿ ನಾಲ್ಕು ಎಕರೆ ಮೂವತ್ತೇಳು ಗುಂಟೆಯವರು ಗೆರೆಯ ಒಳಗೆ, ಮೂವತ್ತೆಂಟು ಗುಂಟೆಯವರು ಹೊರಗೆ. ಒಂದು ಗುಂಟೆಯ ವ್ಯತ್ಯಾಸಕ್ಕೆ ಇಷ್ಟು ಬೆಲೆ ಇರುವ ಕಡೆ, ಚುಕ್ಕೆಯನ್ನು ತಪ್ಪಾಗಿ ಓದಿ ಹನ್ನೆರಡು ಗುಂಟೆ ಆಚೀಚೆ ಮಾಡುವುದನ್ನು ಸಣ್ಣ ಕೈತಪ್ಪು ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ಕಾಡಂಚಿನ ಮಾತು. ಎಚ್.ಡಿ. ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳಲ್ಲಿ ಜೇನುಕುರುಬರು, ಕಾಡುಕುರುಬರು, ಎರವರು ಇದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಒಬ್ಬರಿಗೆ ಕೊಡಬಹುದಾದ ಭೂಮಿಗೆ 4 ಹೆಕ್ಟೇರ್ ಮಿತಿ ಇಟ್ಟಿದೆ. ಎಕರೆಯಲ್ಲಿ ಹೇಳಿದರೆ ಒಂಬತ್ತು ಎಕರೆ ಮೂವತ್ತೈದು ಗುಂಟೆ. ಅರಣ್ಯದ ನಕ್ಷೆಗಳು ಹೆಕ್ಟೇರಿನಲ್ಲಿವೆ, ಹಾಡಿಯ ಜನ ಅಕ್ಕಪಕ್ಕದ ಊರುಗಳಿಂದ ಕಲಿತದ್ದು ಎಕರೆ, ಗುಂಟೆ. ಇಲ್ಲಿ ಒಂದು ವಿಚಿತ್ರ ಹೊಂದಾಣಿಕೆ ಇದೆ, ಅದೇ ಅಪಾಯವೂ ಹೌದು. ಹೆಕ್ಟೇರಿನ ನೂರನೇ ಒಂದು ಭಾಗಕ್ಕೆ ಆರ್ ಎನ್ನುತ್ತಾರೆ. ಅದು 100 ಚದರ ಮೀಟರ್. ಒಂದು ಗುಂಟೆ 101.17 ಚದರ ಮೀಟರ್. ಎರಡೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ 0.20 ಎಂದು ಬರೆದ ತುಂಡನ್ನು ಹೆಕ್ಟೇರ್ ಎಂದು ಓದಿದರೂ ಎಕರೆ-ಗುಂಟೆ ಎಂದು ಓದಿದರೂ ಇಪ್ಪತ್ತು ಗುಂಟೆಯ ಆಸುಪಾಸೇ ಬರುತ್ತದೆ. ಸಣ್ಣ ತುಂಡುಗಳ ಪಟ್ಟಿಯಲ್ಲಿ ಯಾರು ಯಾವ ಅಳತೆಯಲ್ಲಿ ಬರೆದರು ಎಂಬ ಪ್ರಶ್ನೆಯೇ ಏಳುವುದಿಲ್ಲ, ಎಲ್ಲ ಸರಿಯಾಗಿದೆ ಎಂಬ ನಂಬಿಕೆ ಬೆಳೆಯುತ್ತದೆ. ಚುಕ್ಕೆಯ ಎಡಕ್ಕೆ ಒಂದು ಬಂದ ಕೂಡಲೇ ಸ್ಥಿತಿ ಬದಲಾಗುತ್ತದೆ. 1.20 ಹೆಕ್ಟೇರ್ ಎಂದರೆ ನೂರ ಹದಿನೆಂಟೂವರೆ ಗುಂಟೆ, 1.20 ಎಕರೆ-ಗುಂಟೆ ಎಂದರೆ ಅರವತ್ತು ಗುಂಟೆ. ಅರ್ಧಕ್ಕರ್ಧ ನೆಲ ಹೋಯಿತು. ಅಕ್ಷರ ಬಲ್ಲವರೇ ಎಡವುವ ಈ ಜಾಗದಲ್ಲಿ, ಕಾಗದವನ್ನು ಮೊದಲ ಬಾರಿಗೆ ಕೈಯಲ್ಲಿ ಹಿಡಿದ ಹಾಡಿಯ ಕುಟುಂಬ ತನ್ನ ಪಾಲು ಸರಿ ಇದೆಯೇ ಎಂದು ಹೇಗೆ ಪರೀಕ್ಷಿಸಬೇಕು?

ದೊಡ್ಡ ಸಂಖ್ಯೆಗಳಲ್ಲೂ ಎರಡು ಪದ್ಧತಿ ಎದುರಾಗುತ್ತವೆ ನಿಜ. ತಂಬಾಕು ಮಂಡಳಿ ಬೆಳೆಯ ಮಿತಿಯನ್ನು ಮಿಲಿಯನ್ ಕೆಜಿಯಲ್ಲಿ ಹೇಳುತ್ತದೆ. ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಕಟ್ಟೆಗೆ ಬೇಲು ತರುವ ಬೆಳೆಗಾರ ಕೋಟಿಯಲ್ಲಿ ಯೋಚಿಸುತ್ತಾನೆ. ನೂರು ಮಿಲಿಯನ್ ಎಂದರೆ ಹತ್ತು ಕೋಟಿ. ಕಬಿನಿಯ ನೀರನ್ನು ಅಳೆಯುವ ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ, ನಮ್ಮ ಬಾಯಲ್ಲಿ ನೂರು ಕೋಟಿ. ಸಾವಿರ ಮಿಲಿಯನ್ ಎಂಬ ಬಳಸು ಮಾತು ಯಾಕೆ ಬಂತೆಂದರೆ ಆಗಿನ ಬ್ರಿಟನ್ನಿನಲ್ಲಿ ಬಿಲಿಯನ್ ಅಂದರೆ ಮಿಲಿಯನ್ನಿನ ಮಿಲಿಯನ್ ಪಟ್ಟು; ಅಮೆರಿಕದ ಅರ್ಥವನ್ನು ಅಲ್ಲಿನ ಸರ್ಕಾರ ಒಪ್ಪಿಕೊಂಡದ್ದು 1974ರಲ್ಲಿ. ಆದರೆ ಇವು ನನಗೆ ಅಷ್ಟು ಚಿಂತೆಯ ವಿಷಯಗಳಲ್ಲ. 1,00,000 ಎಂದು ಬರೆದರೂ 100,000 ಎಂದು ಬರೆದರೂ ಅಲ್ಪವಿರಾಮ ಕಿತ್ತು ಹಾಕಿದರೆ ಉಳಿಯುವ ಅಂಕಿ ಒಂದೇ. ಸೊನ್ನೆ ತಪ್ಪಿದರೆ ಪತ್ತೆಯಾಗುತ್ತದೆ, ಏಕೆಂದರೆ ಹತ್ತು ಪಟ್ಟು ತಪ್ಪು ಯಾರದಾದರೂ ಕಣ್ಣಿಗೆ ಬೀಳುತ್ತದೆ. ಎಕರೆಯ ಚುಕ್ಕೆಯ ತಪ್ಪು ನಂಬುವ ಹಾಗೆಯೇ ಇರುತ್ತದೆ, ಅದಕ್ಕೇ ಉಳಿದುಕೊಳ್ಳುತ್ತದೆ.

ಇದಕ್ಕೆ ಹಲವರು ಕೊಡುವ ಪರಿಹಾರ ಒಂದೇ: ಗುಂಟೆಯನ್ನು ಕೈಬಿಟ್ಟು ಎಲ್ಲವನ್ನೂ ಹೆಕ್ಟೇರಿಗೆ ತನ್ನಿ. ಕೇರಳದ ತೆರಿಗೆ ರಸೀದಿಯಲ್ಲಿ ಹೆಕ್ಟೇರ್, ಆರ್, ಚದರ ಮೀಟರ್ ಇದೆಯಲ್ಲ, ನಮಗೇಕಿಲ್ಲ? ವಾದದಲ್ಲಿ ತೂಕವಿದೆ. ಒಂದೇ ಅಳತೆ ಇದ್ದರೆ ಪರಿವರ್ತನೆಯ ಕೆಲಸವೇ ಇಲ್ಲ. ಆದರೆ ಅದೇ ಕೇರಳದಲ್ಲಿ ರಸೀದಿಯ ಹೊರಗೆ ಜನ ಇಂದಿಗೂ ಸೆಂಟಿನಲ್ಲೇ ಮಾರುತ್ತಾರೆ, ಕೊಳ್ಳುತ್ತಾರೆ. ಕಾಗದದ ಅಳತೆ ಒಂದು, ಬಾಯಿಮಾತಿನ ಅಳತೆ ಇನ್ನೊಂದು ಆದಾಗ ಪರಿವರ್ತನೆ ನಿಲ್ಲುವುದಿಲ್ಲ. ಕಚೇರಿಯ ಮೇಜಿನಿಂದ ಮಾರುವವನ, ಕೊಳ್ಳುವವನ ತಲೆಯ ಮೇಲೆ ಬೀಳುತ್ತದೆ.

ಜೊತೆಗೆ ಚಿಲ್ಲರೆಯ ಪ್ರಶ್ನೆ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯೇಪೈಸೆಯ ರೂಪಾಯಿ ಆಯಿತು. ಒಂದಾಣೆಗೆ ಲೆಕ್ಕದಂತೆ ಆರೂಕಾಲು ಪೈಸೆ ಬರಬೇಕು. ಕೈಗೆ ಬಂದದ್ದು ಆರು. ಒಂದೊಂದೇ ಆಣೆಯ ವ್ಯಾಪಾರ ಮಾಡುವವರಿಗೆ ರೂಪಾಯಿಗೆ ನಾಲ್ಕು ಪೈಸೆ ಖೋತಾ. ನಾಲ್ಕಾಣೆಯ ವ್ಯವಹಾರ ಮಾಡುವವರಿಗೆ ಇಪ್ಪತ್ತೈದು ಪೈಸೆ ಚೊಕ್ಕವಾಗಿ ಬಂತು, ನಷ್ಟವಿಲ್ಲ. ಪೂರ್ಣಾಂಕಕ್ಕೆ ತರುವಾಗ ಹೊಡೆತ ಬೀಳುವುದು ಯಾವಾಗಲೂ ಚಿಕ್ಕ ಅಳತೆಯವರ ಮೇಲೆ. ಹಣವಾದರೆ ನಾಳೆ ದುಡಿದು ತುಂಬಿಕೊಳ್ಳಬಹುದು. ಮೂರು ಗುಂಟೆಯ ಹಿತ್ತಿಲನ್ನು ಆರ್‌ಗೆ ತರುವಾಗ ಚಿಲ್ಲರೆ ಕತ್ತರಿಸಿದರೆ ಬದುವಿನ ಕಲ್ಲು ಕಾಗದಕ್ಕಿಂತ ಮೂರೂವರೆ ಚದರ ಮೀಟರ್ ಹೆಚ್ಚು ಹೇಳುತ್ತದೆ, ಆ ಮೂರೂವರೆ ಚದರ ಮೀಟರಿಗೆ ಪಕ್ಕದವರೊಡನೆ ಜಗಳ ಶುರುವಾಗುತ್ತದೆ.

ಹಾಗಾಗಿ ನನ್ನ ವಾದ ಗುಂಟೆ ಇರಬೇಕೋ ಹೆಕ್ಟೇರ್ ಬರಬೇಕೋ ಎಂಬುದರ ಬಗ್ಗೆ ಅಲ್ಲ. ಒಂದು ಗುರುತಿಗೆ ಒಂದೇ ಕೆಲಸ ಇರಬೇಕು, ಮತ್ತು ಪರಿವರ್ತನೆಯ ಹೊಣೆ ಅಂಕಿಯನ್ನು ಕೇಳುವ ಕಚೇರಿಯದಾಗಬೇಕು, ಕೊಡುವ ರೈತನದಲ್ಲ. ಜಗತ್ತಿನ ಅಳತೆಗಳ ಮಹಾಸಭೆ ಈ ತೊಂದರೆಯನ್ನು ಎದುರಿಸಿದಾಗ ಮಾಡಿದ್ದೂ ಇದನ್ನೇ. ಕೆಲವು ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕೆ, ಕೆಲವು ಕಡೆ ಅಲ್ಪವಿರಾಮ. 2003ರಲ್ಲಿ ಸಭೆ ಎರಡನ್ನೂ ಒಪ್ಪಿತು, ಯಾರನ್ನೂ ಬದಲಾಗು ಎನ್ನಲಿಲ್ಲ. ಆದರೆ ಸಾವಿರಗಳನ್ನು ಬಿಡಿಸಿ ತೋರಿಸಲು ಈ ಎರಡನ್ನೂ ಬಳಸಬಾರದು, ಖಾಲಿ ಜಾಗ ಬಿಡಿ ಎಂದು 1948ರಲ್ಲೇ ಹೇಳಿದ್ದನ್ನು ಮತ್ತೆ ಗಟ್ಟಿ ಮಾಡಿತು. ರೂಢಿ ಉಳಿಯಿತು, ಗೊಂದಲಕ್ಕೆ ಎಡೆ ಉಳಿಯಲಿಲ್ಲ.

ನಮ್ಮಲ್ಲೂ ಈ ವಿವೇಕ ಇತ್ತು. ಹಳೆಯ ಕ್ರಯಪತ್ರಗಳನ್ನು ತೆಗೆದು ನೋಡಿ. ಪತ್ರ ಬರಹಗಾರರು ವಿಸ್ತೀರ್ಣವನ್ನು ಅಂಕಿಯಲ್ಲಿ ಬರೆದು ಬಿಟ್ಟುಬಿಡುತ್ತಿರಲಿಲ್ಲ; ಎರಡು ಎಕರೆ ಇಪ್ಪತ್ತು ಗುಂಟೆ ಎಂದು ಅಕ್ಷರದಲ್ಲೂ ಬರೆದು, ಕೆಳಗೆ ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ ಎಂದು ಚಕ್ಕುಬಂದಿ ಕೊಡುತ್ತಿದ್ದರು. ಅಂಕಿ ತಪ್ಪಿದರೆ ಅಕ್ಷರ ಹೇಳುತ್ತಿತ್ತು, ಅಕ್ಷರ ಅಳಿಸಿದರೆ ಚಕ್ಕುಬಂದಿ ಹೇಳುತ್ತಿತ್ತು. ಕನ್ನಡ ಅಂಕಿಯಲ್ಲಿ ಬರೆದ ಕೈಬರಹದಲ್ಲಿ ೨ ಮತ್ತು ೩, ೬ ಮತ್ತು ೯ ಒಂದಕ್ಕೊಂದು ಹೋಲುತ್ತವೆ ಎಂಬುದು ಅವರಿಗೆ ಗೊತ್ತಿತ್ತು, ಅದಕ್ಕೇ ಈ ಎಚ್ಚರ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಅದು ದೊಡ್ಡ ಕೆಲಸ. ಪಹಣಿಗಾಗಿ ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು. ಆದರೆ ಆ ದಾಖಲೆಯಿಂದ ಅಂಕಿ ಎತ್ತಿಕೊಂಡು ಬೇರೆ ಬೇರೆ ನಮೂನೆಗಳಿಗೆ ತುಂಬುವಾಗ ಅಕ್ಷರವೂ ಹೋಯಿತು, ಚಕ್ಕುಬಂದಿಯೂ ಹೋಯಿತು; ಚುಕ್ಕೆಯ ಮೇಲೆ ಮಾತ್ರ ಎಲ್ಲ ಭಾರ ಬಿತ್ತು.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಜಮೀನಿನ ವಿಸ್ತೀರ್ಣ ಕೇಳುವ ಯಾವ ನಮೂನೆಯಲ್ಲೂ ಒಂದೇ ಖಾನೆ ಇರಬಾರದು: ಎಕರೆಗೊಂದು, ಗುಂಟೆಗೊಂದು, ಆಣೆಗೊಂದು. ಗುಂಟೆಯ ಖಾನೆ 39 ದಾಟಿದ ಅಂಕಿಯನ್ನು ಒಪ್ಪಬಾರದು, ಆಣೆಯದು 15 ದಾಟಿದ್ದನ್ನು. ಒಳಗೆ ಯಂತ್ರ ಎಲ್ಲವನ್ನೂ ಆಣೆಗೆ ಇಳಿಸಿ ಇಟ್ಟುಕೊಳ್ಳಲಿ: ಎರಡು ಎಕರೆ ಇಪ್ಪತ್ತು ಗುಂಟೆ 1,600 ಆಣೆ. ಕೂಡುವುದು, ಕಳೆಯುವುದು ಅದರಲ್ಲೇ ನಡೆದು, ತೋರಿಸುವಾಗ ನೋಡುವವರಿಗೆ ಬೇಕಾದ ಅಳತೆಗೆ ಬರಲಿ. ರೈತರ ಕೈಗೆ ಕೊಡುವ ಕಾಗದದಲ್ಲಿ ಎಕರೆ-ಗುಂಟೆ ಅಕ್ಷರದಲ್ಲಿ, ಪಕ್ಕದಲ್ಲಿ ಹೆಕ್ಟೇರ್. ಅರಣ್ಯ ಹಕ್ಕುಪತ್ರಗಳಲ್ಲಿ ಇದು ಮೊದಲು ಆಗಬೇಕು, ಏಕೆಂದರೆ ಆ ಭೂಮಿಯನ್ನು ಮಾರುವಂತಿಲ್ಲ, ಮಕ್ಕಳಿಗೆ ಬಿಟ್ಟು ಹೋಗಬಹುದು ಅಷ್ಟೇ. ಪತ್ರದಲ್ಲಿ ಏನಿದೆಯೋ ಅದೇ ಮುಂದಿನ ಪೀಳಿಗೆಗೆ ಉಳಿಯುವುದು. ಶುಂಠಿ ಗುತ್ತಿಗೆಯ ಕರಾರನ್ನು ಬಿಳಿ ಹಾಳೆಯಲ್ಲೇ ಬರೆದುಕೊಂಡರೂ ಗುಂಟೆ ಎಷ್ಟು, ಸೆಂಟ್ ಎಷ್ಟು ಎರಡನ್ನೂ ಬರೆಯಿರಿ ಎಂದು ಎರಡೂ ಕಡೆಯವರಿಗೆ ಹೇಳುತ್ತೇನೆ. 2.20ರ ಎರಡು ಓದಿನ ನಡುವಿನ ಹನ್ನೆರಡು ಗುಂಟೆ ಎಂದರೆ 13,068 ಚದರ ಅಡಿ. ಎಕರೆಗಿಷ್ಟು ಎಂದು ಮಾತಾಡಿ ಹಣ ಕೊಡುವ ಬೆಳೆಯಲ್ಲಿ ಅದು ಯಾರೋ ಒಬ್ಬರ ಜೇಬಿನಿಂದ ಹೋಗುವ ದುಡ್ಡು.

ಉಳಿದದ್ದು ಈಗಾಗಲೇ ತಯಾರಾಗಿ, ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿರುವ ಪಟ್ಟಿಗಳ ಮಾತು. ಅವುಗಳನ್ನು ಸೂತ್ರ ಹಾಕಿ ಸರಿ ಮಾಡಿಬಿಡಬಹುದು ಎಂಬ ಭರವಸೆ ಬೇಡ. ಚುಕ್ಕೆಯ ಬಲಕ್ಕೆ 39ಕ್ಕಿಂತ ದೊಡ್ಡ ಅಂಕಿ ಕಂಡರೆ ಅದು ಗುಂಟೆಯಲ್ಲ, ಸೆಂಟೋ ಹೆಕ್ಟೇರೋ ತಪ್ಪು ಮೊತ್ತವೋ ಎಂದು ಹೇಳಬಹುದು. ಬಲಕ್ಕೆ ಒಂದೇ ಅಂಕಿ ಇದ್ದರೆ ಸೊನ್ನೆ ಬಿದ್ದುಹೋಗಿರಬಹುದು ಎಂದು ಅನುಮಾನಿಸಬಹುದು. ನಡುವಿನ 1.15, 2.25, 3.08ಗಳನ್ನು ನೋಡಿ ಯಾವ ಯಂತ್ರವೂ ಏನನ್ನೂ ಹೇಳಲಾರದು. ಒಂದೊಂದು ಸರ್ವೆ ನಂಬರಿಗೂ ಮೂಲ ಪಹಣಿಯನ್ನು, ಅದರಲ್ಲೂ ಅನುಮಾನ ಬಂದರೆ ಸರ್ವೆಯ ಮೂಲ ವಿಸ್ತೀರ್ಣ ದಾಖಲೆಯಾದ ಆಕಾರ್‌ಬಂದನ್ನು ತೆಗೆದು ಹೋಲಿಸಿ ನೋಡಬೇಕು, ಜಮೀನಿನವರನ್ನು ಎದುರಿಗೆ ಕೂರಿಸಿಕೊಂಡು ಓದಿ ಹೇಳಬೇಕು. ನಿಧಾನದ ಕೆಲಸ, ಗ್ರಾಮ ಸಭೆಯಲ್ಲಿ ಮಾಡಬಹುದಾದ ಕೆಲಸ. ಕಾಡಂಚಿನ ಊರುಗಳಿಂದಲೇ ಅದನ್ನು ಶುರು ಮಾಡಲಿ, ಮೂರು ಅಳತೆಗಳೂ ಒಂದೇ ಹೊಲದ ಮೇಲೆ ಬಿದ್ದಿರುವುದು ಅಲ್ಲಿ.